ಮೋಡವಿಲ್ಲದ ದಿನದ ಛತ್ರಿ

ಮಾರ್ಚ್ 3

ಕಿವಿರಾಯನಿಗೆ,

ನೀನು ಹೊರಟು ನಾಲ್ಕು ದಿನವಾಯಿತು. ‘ತಲುಪಿದೆ’ ಅಂತ ಒಂದು ಸಾಲು ಬರೆಯಲು ಸಾಹೇಬರಿಗೆ ಪುರುಸೊತ್ತಿಲ್ಲ. ಇರಲಿ, ನಾನೇ ಶುರು ಮಾಡುತ್ತೇನೆ. ಫೋನ್ ಮಾಡಬಾರದಿತ್ತೇ ಅಂತ ಕೇಳಬೇಡ. ದಿನವಿಡೀ ಅಂಗಡಿಯಲ್ಲಿ ಲೆನ್ಸ್ ಕಂಪನಿಯವರಿಗೆ ‘ಎಡಗಣ್ಣು ಎರಡೂಕಾಲು, ಬಲಗಣ್ಣು ಒಂದೂವರೆ’ ಅಂತ ಫೋನಿನಲ್ಲಿ ಕೂಗಿ ಕೂಗಿ, ಮನೆಗೆ ಬಂದಮೇಲೆ ಅದರ ಮುಖ ನೋಡುವುದೂ ಬೇಡ ಅನ್ನಿಸುತ್ತದೆ. ಫೋನಿನಲ್ಲಿ ನಾನು ಕನ್ನಡಕದ ಅಂಗಡಿಯವಳು. ಕಾಗದದಲ್ಲಿ ಮಾತ್ರ ನಿನ್ನ ಅಕ್ಕ.

ಮೊದಲು ನಿನ್ನ ಛತ್ರಿಯ ವಿಷಯ. ಮೂರು ಬೆಳಗ್ಗೆಯೂ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಆದರೂ ಕೊಳದ ಹತ್ತಿರ ಆ ಕರಿ ಛತ್ರಿಯನ್ನು ಬಿಚ್ಚಿ, ಮಗ್ಗುಲಾಗಿ ನನ್ನ ಕಡೆ ತಿರುಗಿಸಿ, ಹಿಡಿಯನ್ನು ಕೈಯಲ್ಲಿ ಭದ್ರವಾಗಿ ಹಿಡಿದು ಕೂತಿದ್ದೆಯಲ್ಲ! ‘ಯಾಕೋ ಇದು?’ ಅಂದರೆ ‘ಬಿಸಿಲು ಅಕ್ಕ’ ಅಂದೆ. ಸೂರ್ಯ ನಿನ್ನ ಬೆನ್ನ ಹಿಂದೆ, ಛತ್ರಿ ನನ್ನ ಕಡೆಗೆ. ಮೂವತ್ತಮೂರು ವರ್ಷದ ಗಂಡಸಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಿಲ್ಲವಲ್ಲೋ ಅಂತ ನೆನೆಸಿಕೊಂಡು ಇವತ್ತು ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಮಾಲೀಕರು ಕನ್ನಡಕ ಇಳಿಸಿ ನೋಡಿದರು.

ಆದರೂ ನೀನು ಬಂದಿದ್ದು ಒಳ್ಳೆಯದಾಯಿತು. ‘ನಿನ್ನ ಯಂತ್ರ ಮನೆಯಲ್ಲೇ ಇರಲಿ, ಕೊಳಕ್ಕೆ ಬರೀ ಕಿವಿ ತಗೊಂಡು ಬಾ’ ಅಂದಾಗ ಮರುಮಾತಾಡದೆ ಚೀಲವನ್ನು ಮಂಚದ ಮೇಲಿಟ್ಟೆ. ನನಗೆ ಅದು ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಿದೆ. ಹತ್ತೊಂಬತ್ತನೇ ವಯಸ್ಸಿಗೆ ಆ ಸ್ಪರ್ಧೆಯ ವೇದಿಕೆಯಲ್ಲಿ ಒಂದು ಸ್ವರ ಜಾರಿ, ಸಭೆಯೆಲ್ಲ ನಕ್ಕು, ಮುಂದಿನ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿದರಲ್ಲ, ಅವತ್ತಿನಿಂದ ಈ ಇಪ್ಪತ್ತೈದು ವರ್ಷದಲ್ಲಿ ನನ್ನ ಕೊಳಲು ಕೇಳಿದವರು ಇಬ್ಬರೇ. ಒಂದು ಆ ಹಕ್ಕಿ. ಇನ್ನೊಂದು ನೀನು. ಆಗ ಮಂಚದ ಕೆಳಗೆ ಕೂತು ಕೇಳುತ್ತಿದ್ದೆ, ಈಗ ಛತ್ರಿ ಹಿಡಿದು ಕೂತು ಕೇಳಿದೆ. ಅಷ್ಟೇ ವ್ಯತ್ಯಾಸ.

ಬೇಗ ಬರಿ. ಉದ್ದ ಬರಿ. ಚಿಕ್ಕಪ್ಪನ ಕಾಗದ ಮಾತ್ರ ಕಳಿಸಬೇಡ. ನೆನಪಿದೆಯಾ? ಅಪ್ಪನ ಹತ್ತಿರ ಮುನಿಸಿಕೊಂಡು ಹೋದಮೇಲೆ ವರ್ಷಕ್ಕೊಂದು ಬರೆಯುತ್ತಿದ್ದರಲ್ಲ: ‘ಪ್ರಿಯ ಸಹೋದರನಿಗೆ, ಇಲ್ಲಿ ಮಳೆ ಸಾಧಾರಣ, ಎಲ್ಲರೂ ಆರೋಗ್ಯ.’ ಅಮ್ಮ ಓದಿ ಮಡಚಿಟ್ಟು, ‘ಇದ್ರಲ್ಲಿ ಮನುಷ್ಯನೇ ಇಲ್ವಲ್ಲೋ’ ಅನ್ನುತ್ತಿದ್ದಳು.

ನಿನ್ನ ಅಕ್ಕ

ಮಾರ್ಚ್ 19

ಅಕ್ಕ,

ಬೈಯಬೇಡ. ಬಂದ ದಿನದಿಂದ ಸ್ಟುಡಿಯೋದಲ್ಲಿ ಹೆಡ್‌ಫೋನ್ ಕಿವಿಯಿಂದ ಇಳಿದಿಲ್ಲ. ಈ ವಾರವೆಲ್ಲ ಒಂದು ಸೋಪಿನ ಜಾಹೀರಾತಿಗೆ ‘ನೊರೆಯ ಸದ್ದು’ ಹುಡುಕಿದ್ದು. ನೊರೆಗೆ ಸದ್ದು ಎಲ್ಲಿಂದ ಬರಬೇಕು? ಕೊನೆಗೆ ಒದ್ದೆ ಹತ್ತಿಯನ್ನು ಹಿಂಡಿ ರೆಕಾರ್ಡ್ ಮಾಡಿದೆ. ನಮ್ಮ ಯಜಮಾನರು ಕೇಳಿ ‘ಸಪ್ಪೆ’ ಅಂದರು. ಹನ್ನೊಂದು ವರ್ಷದಿಂದ ಅವರ ಬಾಯಲ್ಲಿ ನನಗೆ ಬರುವ ಮಾತು ಅದೊಂದೇ. ಈಗ ನಮ್ಮ ಹಳಬರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದಾರೆ. ನನ್ನ ಮೇಜಿನ ಪಕ್ಕದ ಮೇಜು ಖಾಲಿಯಾಗಿದೆ. ಬಿಡು, ಅದು ನನ್ನ ಗೋಳು.

ಕಣ್ಣು ಮುಚ್ಚಿದರೆ ಆ ಕೊಳವೇ. ನಿನ್ನ ಆ ಹಳೇ ಕೊಳಲು, ನಾಲ್ಕನೇ ತೂತಿನ ಹತ್ತಿರ ಸೀಳಿದೆಯಲ್ಲ, ಪ್ರತಿ ಸ್ವರದ ಕೊನೆಗೆ ‘ಹುಸ್’ ಅನ್ನುತ್ತದೆಯಲ್ಲ, ಅದೂ ಕೇಳಿಸುತ್ತದೆ. ನೀನು ಅಲ್ಲಿ ನುಡಿಸುವಾಗ ಬೇರೆಯೇ ಆಗಿಬಿಡುತ್ತೀಯ ಅಕ್ಕ. ಚಿಕ್ಕ ಹುಡುಗಿ ಆಡಿದ ಹಾಗೆ. ಇಂಥದ್ದನ್ನು ನಾನೊಬ್ಬನೇ ಕೇಳಿದ್ದು ಅನ್ಯಾಯ ಅಂತ ಎಷ್ಟೋ ಸಲ ಅನ್ನಿಸಿದೆ.

ಒಂದು ವಿಷಯ ಕೇಳಬೇಕಿತ್ತು. ಆ ಮೂರು ಸ್ವರ ಕೂಗುವ ಹಕ್ಕಿ ಯಾವುದು? ಎಷ್ಟು ಹೊತ್ತಿಗೆ ಬರುತ್ತದೆ, ಹೇಗೆ ಉತ್ತರ ಕೊಡುತ್ತದೆ, ಕೊಳದ ಸುತ್ತ ಏನೇನಿದೆ, ಎಲ್ಲ ವಿವರವಾಗಿ ಬರಿ. ನಿನ್ನ ಮಾತಿನಲ್ಲೇ ಬರಿ. ಸುಮ್ಮನೆ, ಓದಬೇಕು ಅನ್ನಿಸಿದೆ.

ನಿನ್ನ ಕಿವಿರಾಯ

ಮಾರ್ಚ್ 27

ಕಿವಿರಾಯ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಂತೂ ನಮ್ಮ ಹುಡುಗ ಹಕ್ಕಿಯ ಬಗ್ಗೆ ಕೇಳಿದ! ನನ್ನ ಸಂತೋಷಕ್ಕೆ ಸಂಬಂಧಪಟ್ಟ ಪ್ರಶ್ನೆಯನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಯಿತೋ. ಜನ ಕೇಳುವುದೆಲ್ಲ ‘ಕನ್ನಡಕ ಯಾವಾಗ ಕೊಡ್ತೀರಾ’ ಅಂತಲೇ.

ಹಕ್ಕಿಗೆ ಪುಸ್ತಕದಲ್ಲಿ ಏನು ಹೆಸರಿದೆಯೋ ಗೊತ್ತಿಲ್ಲ. ನನ್ನ ಪಾಲಿಗೆ ಅದು ‘ಮೂರುಮಾತಿನವನು’. ಕಂದು ಬಣ್ಣ, ಮುಷ್ಟಿಯಷ್ಟು ಗಾತ್ರ, ನೋಡಲು ಏನೂ ಚೆಂದವಿಲ್ಲ. ಸೂರ್ಯ ಹಳೇ ಇಟ್ಟಿಗೆ ಭಟ್ಟಿಯ ಚಿಮಣಿ ದಾಟುವ ಹೊತ್ತಿಗೆ ಜೊಂಡಿನ ಮೇಲೆ ಬಂದು ಕೂರುತ್ತದೆ. ಮೂರು ಸ್ವರ ಕೂಗುತ್ತದೆ: ಕೆಳಗೊಂದು, ಮೇಲೆರಡು. ನಾನು ಅದನ್ನೇ ನುಡಿಸುತ್ತೇನೆ. ಅದು ಕಾಯುತ್ತದೆ. ಆಮೇಲೆ ನಾನು ಒಂದು ಸ್ವರ ಬದಲಾಯಿಸುತ್ತೇನೆ. ಅದು ತಲೆ ಓರೆ ಮಾಡಿ ಯೋಚಿಸಿ ಮತ್ತೆ ಕೂಗುತ್ತದೆ. ಈ ಹಕ್ಕಿಗೆ ಅವಸರವೇ ಇಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ಹೇಳಿ ಸುಮ್ಮನಾಗುತ್ತದೆ. ಚಪ್ಪಾಳೆಗೆ ಕಾಯುವುದಿಲ್ಲ.

ಇಷ್ಟೇ ಆಟ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಕೆಸರಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಕಪ್ಪೆಗಳು ನನ್ನನ್ನು ಕಲ್ಲು ಅಂದುಕೊಂಡು ಪಕ್ಕದಲ್ಲೇ ಬಂದು ಕೂರುತ್ತವೆ. ನೀರಿನ ಮೇಲೆ ಗಾಳಿ ಬಂದರೆ ಜೊಂಡೆಲ್ಲ ಒಟ್ಟಿಗೆ ಬಾಗುತ್ತದೆ, ಆಗ ನಾನೂ ಉಸಿರು ಉದ್ದ ಮಾಡುತ್ತೇನೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಖುಷಿ, ಅಷ್ಟೇ.

ಎರಡನೇ ದಿನದ್ದು ನೆನಪಿದೆಯಾ? ಮೇಲಿನ ಸ್ವರ ಜಾರಿ, ಕೋಳಿಯ ಕತ್ತು ಹಿಡಿದ ಹಾಗೆ ‘ಕೀಂಕ್’ ಅಂದಿತಲ್ಲ! ಮೂರುಮಾತಿನವನು ಗಪ್ ಅಂತ ನಿಲ್ಲಿಸಿದ. ಆಮೇಲೆ, ನನ್ನಾಣೆ, ಅದೇ ಸೊಟ್ಟ ಸ್ವರವನ್ನು ತಾನೂ ಕೂಗಿ ನೋಡಿದ! ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನೀನು ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದೆ, ಹಲ್ಲು ಕೂಡ ಬಿಡಲಿಲ್ಲ. ನನಗೆ ನೋವಾಗುತ್ತದೆ ಅಂತ ಹೆದರಿದೆಯೇನೋ ಪಾಪ. ಇಲ್ಲ ಕಣೋ. ವೇದಿಕೆಯ ಮೇಲೆ ಜಾರಿದ ಸ್ವರಕ್ಕೆ ಸಭೆ ನಕ್ಕಿತು. ಇಲ್ಲಿ ಅದೇ ಜಾರಿದ ಸ್ವರವನ್ನು ಒಬ್ಬ ಎತ್ತಿಕೊಂಡು ಆಡಿದ. ಇಪ್ಪತ್ತೈದು ವರ್ಷ ನನ್ನೊಳಗೆ ಏನೋ ಒಂದು ಮುದುಡಿಕೊಂಡು ಕೂತಿತ್ತು. ಅವತ್ತು ಅದು ಎದ್ದು ಮೈಮುರಿಯಿತು. ಈ ಮಾತನ್ನು ಬೇರೆ ಯಾರಿಗೂ ಹೇಳಲಾರೆ.

ಮುಂದಿನ ಸಲ ಒಂದು ವಾರ ರಜ ಹಾಕಿ ಬಾ. ಛತ್ರಿ ಬೇಡ.

ಅಕ್ಕ

ಏಪ್ರಿಲ್ 30

ಅಕ್ಕ,

ಚುಟುಕಾಗಿ ಬರೆಯುತ್ತಿದ್ದೇನೆ, ತುಂಬ ಕೆಲಸ. ಯಜಮಾನರು ಮೊನ್ನೆ ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು ‘ಇವನಿಗೆ ಕಿವಿ ಇದೆ ಕಣ್ರೀ’ ಅಂದರು. ಹನ್ನೊಂದು ವರ್ಷಕ್ಕೆ ಮೊದಲ ಸಲ. ನನ್ನ ಮೇಜು ಇನ್ನು ಖಾಲಿಯಾಗುವುದಿಲ್ಲ. ಯಾವ ಕೆಲಸಕ್ಕೆ ಹೀಗಂದರು ಅನ್ನುವುದನ್ನು ಎದುರಿಗೇ ಕೂತು ಹೇಳುತ್ತೇನೆ. ನಿನಗೂ ಸಂತೋಷವಾಗುತ್ತದೆ, ಆಗಲೇಬೇಕು.

ಇದರ ಜೊತೆಗೆ ನಿನ್ನ ಕೊಳಲಿಗೆ ಒಂದು ಮಖಮಲ್ ಚೀಲ ಕಳಿಸಿದ್ದೇನೆ. ಎಷ್ಟು ದಿನ ಹಳೇ ದಿಂಬಿನ ಕವರಿನಲ್ಲಿ ಸುತ್ತುತ್ತೀಯಾ?

ಕಿವಿರಾಯ

ಮೇ 8

ಕಿವಿರಾಯ,

ನಿನ್ನ ಹೆಗಲ ಮೇಲಿನ ಕೈ ಸುದ್ದಿ ಓದಿ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಅವರಿಗೆ ಸ್ಟುಡಿಯೋ ಅಂದರೆ ಫೋಟೋ ತೆಗೆಯುವ ಅಂಗಡಿ. ‘ನಮ್ಮ ಮಗೂದು ಒಂದು ತೆಗೀತಾರಾ’ ಅಂದರು.

ಚೀಲ ಬಹಳ ಚೆನ್ನಾಗಿದೆ. ಕೊಳಲಿಗಿಂತ ಅದೇ ಚೆನ್ನಾಗಿದೆ. ಕೆಸರಾದೀತು ಅಂತ ಕೊಳಕ್ಕೆ ಒಯ್ಯಲು ಮನಸ್ಸು ಬರುತ್ತಿಲ್ಲ. ಆ ಗುಟ್ಟು ಏನು ಅಂತ ಬೇಗ ಬಾಯಿ ಬಿಡು.

ಅಕ್ಕ

ಜೂನ್ 12

ತಮ್ಮನಿಗೆ,

ಒಂದೇ ಪ್ರಶ್ನೆ. ಫೆಬ್ರವರಿಯಲ್ಲಿ ಕೊಳಕ್ಕೆ ಬಂದಾಗ ನಿನ್ನ ಛತ್ರಿಯೊಳಗೆ ಏನಾದರೂ ಇತ್ತಾ?

ಇತ್ತು ಅಂದರೆ ಇತ್ತು ಅನ್ನು. ಇಲ್ಲ ಅಂದರೆ ಇಲ್ಲ ಅನ್ನು. ನೀನು ಏನು ಬರೆದರೂ ಅದನ್ನೇ ನಂಬಬೇಕು ಅಂದುಕೊಂಡು ಕೇಳುತ್ತಿದ್ದೇನೆ. ಚಿಕ್ಕವನಿದ್ದಾಗ ನನ್ನ ಪೆನ್ನು ಮುರಿದು ನೀನೇ ಬಂದು ಹೇಳಿದ್ದೆಯಲ್ಲ, ‘ಅಕ್ಕ, ಹೊಡೀಬೇಡ, ನಾನೇ’ ಅಂತ. ನಾನು ಹೊಡೆದಿರಲಿಲ್ಲ.

ಅಕ್ಕ

ಜೂನ್ 24

ಅಕ್ಕ,

ಇದೇನು ಪೊಲೀಸರ ಹಾಗೆ ವಿಚಾರಣೆ! ಛತ್ರಿಯೊಳಗೆ ಏನಿರುತ್ತೆ, ಕಡ್ಡಿ, ಬಟ್ಟೆ. ಕೈ ಬೀಸಿಕೊಂಡು ಬಂದಿದ್ದೆ ಮಾರಾಯ್ತಿ. ನನ್ನ ಚೀಲ ಮಂಚದ ಮೇಲಿದ್ದಿದ್ದನ್ನು ನೀನೇ ನೋಡಿದ್ದೀಯಲ್ಲ. ಯಾರಾದರೂ ಏನಾದರೂ ಹೇಳಿದರಾ?

ಇಲ್ಲಿ ಸೆಕೆ ಜೋರು. ನೀನು ಆರೋಗ್ಯ ನೋಡಿಕೋ. ಬೆಳಗ್ಗೆ ಕೊಳಕ್ಕೆ ಹೋಗುತ್ತಿದ್ದೀಯಾ? ಮೂರುಮಾತಿನವನು ಹೇಗಿದ್ದಾನೆ?

ಕಿವಿರಾಯ

ಜುಲೈ 2

ತಮ್ಮನಿಗೆ,

ಜೂನ್ ಎಂಟರಂದು ಬೆಳಗ್ಗೆ ಹತ್ತೂವರೆಗೆ ನಾನು ಲೆನ್ಸ್ ಕಂಪನಿಗೆ ಫೋನ್ ಮಾಡಿದೆ. ಒಬ್ಬ ನಿವೃತ್ತ ಮೇಷ್ಟ್ರು ಎದುರಿಗೆ ಕೂತಿದ್ದರು, ಅವರ ಲೆನ್ಸ್ ಬಂದಿರಲಿಲ್ಲ. ‘ದಯವಿಟ್ಟು ಕಾಯಿರಿ’ ಅಂತ ದನಿ ಬಂತು. ಅಷ್ಟು ದಿನ ಅಲ್ಲಿ ಟಿಂಗ್ ಟಿಂಗ್ ಅಂತ ಏನೋ ಬರುತ್ತಿತ್ತು. ಅವತ್ತು ಮೂರು ಸ್ವರ ಬಂತು. ಕೆಳಗೊಂದು, ಮೇಲೆರಡು.

ನನ್ನ ದಡ್ಡತನ ನೋಡು. ಮೊದಲು ಅನ್ನಿಸಿದ್ದು ಮೂರುಮಾತಿನವನು ಅಂಗಡಿಯ ಕಿಟಕಿಗೆ ಬಂದಿದ್ದಾನೆ ಅಂತ. ಎದ್ದು ನೋಡಿದೆ. ಆಮೇಲೆ ಕೊಳಲು ಬಂತು. ಸ್ವರದ ಕೊನೆಗೆ ‘ಹುಸ್’ ಅಂತ ಸೀಳಿನ ಉಸಿರು ಬಂತು. ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ಮೇಷ್ಟ್ರು ‘ಏನಮ್ಮಾ, ಲೆನ್ಸ್ ಒಡೆದುಹೋಯ್ತಂತಾ?’ ಅಂದರು.

ಕಂಪನಿಯ ಹುಡುಗಿಯನ್ನು ಕೇಳಿದೆ. ‘ಚೆನ್ನಾಗಿದೆ ಅಲ್ವಾ ಮೇಡಂ? ಮುಂಜಾವಿನ ಕೊಳ ಅಂತ. ಆಸ್ಪತ್ರೆ, ಲಿಫ್ಟು, ಎಲ್ಲಾ ಕಡೆ ಹಾಕಿದಾರೆ. ಬೇಕಾದ್ರೆ ನಿಮ್ಗೂ ಕಳಿಸ್ತೀನಿ’ ಅಂದಳು. ಕಳಿಸಿದಳು. ಮೊಬೈಲಿನಲ್ಲಿ ಹಾಡಿನ ಕೆಳಗೆ ನಾಲ್ಕು ಸಾಲು ಬರಹ. ‘ಈ ಹಕ್ಕಿಗೆ ಅವಸರವೇ ಇಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ಹೇಳಿ ಸುಮ್ಮನಾಗುತ್ತದೆ.’ ಧ್ವನಿಗ್ರಹಣ: ನಿನ್ನ ಹೆಸರು. ಕೊಳಲು: ಅಪರಿಚಿತ ಮಹಿಳೆ.

ನಾನು ಅಪರಿಚಿತ ಮಹಿಳೆ ಏನೋ?

ನೀನು ಸುಮ್ಮನೆ ಓದಬೇಕು ಅಂದಾಗ ನಾನು ಎರಡು ಸಂಜೆ ಕೂತು, ಒಂದು ಹಾಳೆ ಹರಿದುಹಾಕಿ, ಮತ್ತೆ ಬರೆದೆ. ನನ್ನ ತಮ್ಮನಿಗೆ ನನ್ನ ಹಕ್ಕಿ ಬೇಕಾಗಿದೆ ಅಂತ ಕುಣಿದುಬಿಟ್ಟೆ. ನೀನು ಪೆಟ್ಟಿಗೆಯ ಮೇಲೆ ಅಂಟಿಸಲು ಚೀಟಿ ಬರೆಸಿಕೊಂಡೆ. ಇದನ್ನು ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರೆ. ಅಷ್ಟು ದೊಡ್ಡ ಮಾತನ್ನು ನಿನ್ನ ಮೇಲೆ ಯಾವತ್ತಾದರೂ ಆಡಬೇಕಾಗುತ್ತದೆ ಅಂದುಕೊಂಡಿರಲಿಲ್ಲ.

ಹನ್ನೆರಡನೇ ತಾರೀಕು ನಿನಗೆ ಒಂದು ಬಾಗಿಲು ತೆರೆದಿಟ್ಟೆ. ‘ಇತ್ತು’ ಅಂತ ಒಂದೇ ಮಾತು ಬರೆದಿದ್ದರೆ ಸಾಕಿತ್ತು. ಅಳುತ್ತಿದ್ದೆ, ಬೈಯುತ್ತಿದ್ದೆ, ಒಂದು ತಿಂಗಳು ಮುಖ ತಿರುಗಿಸುತ್ತಿದ್ದೆ, ಆಮೇಲೆ ಸರಿಹೋಗುತ್ತಿತ್ತು. ನೀನು ಕಡ್ಡಿ, ಬಟ್ಟೆ ಅಂದೆ. ಮೇಲೆ ಮೂರುಮಾತಿನವನ ಕ್ಷೇಮ ಬೇರೆ ವಿಚಾರಿಸಿದೆ.

ಆದರೆ ನಾನು ಬರೆಯಲು ಕೂತಿದ್ದು ಇದಕ್ಕೂ ಅಲ್ಲ. ಕದ್ದಿದ್ದನ್ನು ಹೇಗೋ ನುಂಗುತ್ತಿದ್ದೆ. ಆ ಹಾಡನ್ನು ಪೂರ್ತಿ ಕೇಳಿದೆನಲ್ಲ, ಎರಡನೇ ದಿನದ ಭಾಗ ಬಂತು. ‘ಕೀಂಕ್’ ಬರುತ್ತದೆ ಅಂತ ಕಾದೆ. ಬರಲಿಲ್ಲ. ಆ ಜಾಗದಲ್ಲಿ ನುಣ್ಣಗೆ, ಶುದ್ಧವಾಗಿ, ಮೇಲಿನ ಸ್ವರ ಇತ್ತು. ನಾನು ಅದನ್ನು ನುಡಿಸಲೇ ಇಲ್ಲ. ನೀನು ಯಂತ್ರದಲ್ಲಿ ಎಳೆದು ಸರಿಮಾಡಿದ್ದೀಯ. ಆಮೇಲೆ ನನ್ನ ನಗು ಬರಬೇಕಿತ್ತು. ಅದನ್ನು ಕತ್ತರಿಸಿದ್ದೀಯ.

ಹಕ್ಕಿಯನ್ನು ಮಾತ್ರ ಹಾಗೇ ಬಿಟ್ಟಿದ್ದೀಯ. ನಾನು ಸರಿಯಾಗಿ ನುಡಿಸಿದ್ದೇನೆ, ಅವನು ಒಬ್ಬನೇ ಸೊಟ್ಟ ಸ್ವರ ಕೂಗುತ್ತಿದ್ದಾನೆ. ಅವನು ನನ್ನ ಜೊತೆ ಆಡಿದ್ದ ಕಣೋ. ಈಗ ಕೇಳಿದವರಿಗೆ ಅವನೇ ತಪ್ಪಿದ ಹಾಗಿದೆ.

ಮಾರನೇ ಬೆಳಗ್ಗೆ ಕೊಳಕ್ಕೆ ಹೋದೆ. ಅವನು ಬಂದ, ಕೂಗಿದ. ನಾನು ಕೊಳಲೆತ್ತಿ ಮೂರು ಸ್ವರ ನುಡಿಸಿದೆ. ಸರಿಯಾಗಿ ಬಂತು. ಸರಿಯಾಗಿ ಬಂತಾ ಅಂತ ನನ್ನ ಕಿವಿಯೇ ನನ್ನನ್ನು ಕಾಯುತ್ತಿತ್ತು. ಜೊಂಡಿನಲ್ಲಿ ಯಾರೋ ಇದ್ದಾರಾ ಅಂತ ತಿರುಗಿ ತಿರುಗಿ ನೋಡಿದೆ. ಇನ್ನು ಒಂದು ಸ್ವರ ಬದಲಾಯಿಸಬೇಕು, ಬೆರಳು ಏಳಲಿಲ್ಲ. ಜಾರಿದರೆ? ಅವನು ಕಾದ. ನಾನು ಕೊಳಲು ಇಳಿಸಿದೆ. ಅವನು ಹಾರಿಹೋದ. ಅವತ್ತಿನಿಂದ ಹನ್ನೊಂದು ಸಲ ಹೋಗಿದ್ದೇನೆ, ಹನ್ನೊಂದು ಸಲವೂ ಹೀಗೇ.

ಆ ಸ್ಪರ್ಧೆಯಾದ ಮೇಲೆ ಆಟ ಅನ್ನುವುದು ನನ್ನ ಕೈಗೆ ಮತ್ತೆ ಸಿಗಲು ಇಪ್ಪತ್ತೈದು ವರ್ಷ ಬೇಕಾಯಿತು. ನೀನು ಅದನ್ನು ಛತ್ರಿಯಲ್ಲಿ ಬಾಚಿಕೊಂಡು ಹೋದೆ.

ಅಂಗಡಿಯಲ್ಲಿ ದಿನಕ್ಕೆ ನಾಲ್ಕೈದು ಸಲ ಕಂಪನಿಗೆ ಫೋನ್ ಮಾಡಲೇಬೇಕು.

ಅಕ್ಕ

ಜುಲೈ 15

ಅಕ್ಕ,

ಹೌದು. ಇತ್ತು. ಛತ್ರಿಯ ಕಡ್ಡಿಗೆ ಮೈಕ್ ಕಟ್ಟಿದ್ದೆ. ಹೆಬ್ಬೆರಳಿನಷ್ಟು ದೊಡ್ಡದು, ಕರಿ ಬಟ್ಟೆಯಲ್ಲಿ ಕಾಣದ ಹಾಗೆ ಕರಿಯದೇ. ಛತ್ರಿ ಬಿಚ್ಚಿ ತಿರುಗಿಸಿದರೆ ದೂರದ ದನಿಯೂ ಅದರೊಳಗೆ ಬಂದು ಸೇರುತ್ತದೆ.

ಮಾರುವ ಯೋಚನೆ ಇರಲಿಲ್ಲ, ನಂಬು. ನನಗೋಸ್ಕರ ತಗೊಂಡೆ. ಇಲ್ಲಿ ಬೇಜಾರಾದಾಗ ಕೇಳೋಣ ಅಂತ. ಮಾರ್ಚ್ ಮಧ್ಯದಲ್ಲಿ ಯಜಮಾನರು ನನ್ನನ್ನು ಕರೆದು, ‘ಏನಾದ್ರೂ ಹೊಸದಿದ್ರೆ ತೋರ್ಸು, ಇಲ್ಲಾಂದ್ರೆ ನಿನ್ನ ದಾರಿ ನೀನು ನೋಡ್ಕೊ’ ಅಂದರು. ಕೈಯಲ್ಲಿ ಇದ್ದಿದ್ದು ಅದೊಂದೇ. ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಆ ಮನುಷ್ಯ ಕಣ್ಣು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆಮೇಲೆ ಎಲ್ಲ ನನ್ನ ಕೈ ಮೀರಿ ಹೋಯಿತು. ನಿನಗೆ ಹೇಳಿದರೆ ಬೇಡ ಅನ್ನುತ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ನಿನಗೆ ಜನ ಬೇಡ ಅಂತಲೇ ಹೆಸರು ಹಾಕಿಸಲಿಲ್ಲ. ಅದೂ ತಪ್ಪಾಯಿತು.

ಆದರೆ ಆ ಸ್ವರದ ವಿಷಯದಲ್ಲಿ ನೀನು ನನ್ನನ್ನು ತಪ್ಪು ತಿಳಿಯಬೇಡ. ಅವತ್ತು ಸ್ಪರ್ಧೆಯಲ್ಲಿ ನಾನು ಅಮ್ಮನ ತೊಡೆಯ ಮೇಲೆ ಕೂತಿದ್ದೆ. ಎಂಟು ವರ್ಷ ನನಗೆ. ಜನ ನಕ್ಕಿದ್ದು ಕೇಳಿದೆ. ಅಪ್ಪ ತಲೆ ತಗ್ಗಿಸಿದ್ದು ನೋಡಿದೆ. ಲೋಕದ ಮುಂದೆ ನನ್ನ ಅಕ್ಕ ಇನ್ನೊಂದು ಸಲ ಜಾರಬಾರದು ಅಂತ ಆ ಒಂದು ಸ್ವರಕ್ಕೆ ಎರಡು ದಿನ ಕೂತೆ. ಯಾರೂ ನಗಬಾರದು ಅಂತಲೇ ತಿದ್ದಿದೆ. ಅದು ಪ್ರೀತಿ ಅಲ್ವಾ ಅಕ್ಕ?

ಹಿಂದಕ್ಕೆ ತೆಗೆಸಲು ಕೇಳಿದೆ. ಯಜಮಾನರು ನಕ್ಕು, ‘ಎಲ್ಲೆಲ್ಲಿಗೋ ಹೋಗಿದೆಯಪ್ಪಾ, ಯಾರನ್ನ ಹಿಡ್ಕೊಂಡು ಕೇಳೋದು’ ಅಂದರು.

ಬೈದು ಬರಿ. ಬರಿ, ಅಷ್ಟು ಸಾಕು.

ನಿನ್ನ ತಮ್ಮ

ಆಗಸ್ಟ್ 1

ತಮ್ಮನಿಗೆ,

ಅಪ್ಪ ತಲೆ ತಗ್ಗಿಸಿದರು. ನೀನು ತಿದ್ದಿದೆ. ಇಬ್ಬರಿಗೂ ನಾನು ಜಾರಿದ್ದು ಅವಮಾನವಾಗಿಯೇ ಕಂಡಿತು. ಅಪ್ಪನಿಗೆ ಗೊತ್ತಿರಲಿಲ್ಲ. ನಿನಗೆ ನಾನು ಎರಡು ಹಾಳೆ ತುಂಬ ಬರೆದಿದ್ದೆ, ಅದು ನನ್ನ ಬದುಕಿನ ಅತ್ಯಂತ ಖುಷಿಯ ತಪ್ಪು ಅಂತ. ಓದಿದೆ, ಚೀಟಿಗೆ ಬೇಕಾದ ಎರಡು ಸಾಲು ಆರಿಸಿಕೊಂಡೆ, ಉಳಿದದ್ದು ನಿನಗೆ ಕಾಣಲಿಲ್ಲ.

ಮಖಮಲ್ ಚೀಲ ವಾಪಸ್ ಕಳಿಸಿದ್ದೇನೆ. ಕೊಳಲಿಗೆ ದಿಂಬಿನ ಕವರೇ ಸರಿ.

ಅಕ್ಕ

ಸೆಪ್ಟೆಂಬರ್ 10

ಅಕ್ಕ,

ಆಗಸ್ಟಿನಲ್ಲಿ ಎರಡು ಕಾಗದ ಹಾಕಿದೆ. ತಲುಪಿತಾ? ಫೋನನ್ನು ನೀನು ಎತ್ತುವುದಿಲ್ಲ, ಗೊತ್ತು. ಎತ್ತಿದರೂ ಏನು ಹೇಳಬೇಕೋ ಗೊತ್ತಿಲ್ಲ.

ಇದರ ಜೊತೆಗೆ ಒಂದು ಪುಟ್ಟ ಡಬ್ಬಿ ಇದೆ. ಅದರೊಳಗಿನ ಪೆನ್‌ಡ್ರೈವಿನಲ್ಲಿ ಆ ಮೂರು ದಿನದ್ದು ಪೂರ್ತಿ ಇದೆ, ತಿದ್ದುವ ಮೊದಲಿನದು. ಕೀಂಕ್ ಇದೆ. ನಿನ್ನ ನಗು ಇದೆ. ನೀನು ‘ಲೋ, ಕೇಳಿದ್ಯೇನೋ ಇವನ್ನ!’ ಅಂತ ಕೂಗಿದ್ದೂ ಇದೆ. ನನ್ನ ಹತ್ತಿರ ಇದ್ದದ್ದನ್ನು ಅಳಿಸಿದ್ದೇನೆ. ಇರುವುದು ಇದೊಂದೇ. ಒಡೆದುಹಾಕು, ಕೊಳಕ್ಕೆ ಎಸೆ, ಇಟ್ಟುಕೋ, ನಿನ್ನಿಷ್ಟ. ಅಳಿಸುವ ಮೊದಲು ಒಂದು ಸಲ ಪೂರ್ತಿ ಕೇಳಿದೆ. ನೀನು ಅಷ್ಟು ಹೊತ್ತು ನಗುತ್ತೀಯ, ನನ್ನ ಉಸಿರಿನ ಸದ್ದೂ ಅದರಲ್ಲಿಲ್ಲ. ನಾನೂ ನಕ್ಕುಬಿಡಬೇಕಿತ್ತು. ಮೈಕ್ ಹಾಳಾಗುತ್ತದೆ ಅಂತ ಉಸಿರು ಬಿಗಿಹಿಡಿದಿದ್ದೆ.

ತಮ್ಮ

ನವೆಂಬರ್ 21

ಅಕ್ಕ,

ನಾನು ನಿಮ್ಮ ಊರಿಗೆ ಬಂದಿದ್ದೆ. ಹದಿನೇಳು, ಹದಿನೆಂಟನೇ ತಾರೀಕು. ಹೇಳದೆ ಬಂದೆ. ಹೇಳಿದ್ದರೆ ನೀನು ಬಾಗಿಲು ಹಾಕಿಕೊಳ್ಳುತ್ತೀಯ ಅಂತ ಹೆದರಿಕೆ. ನೋಡು, ನಾನು ಮತ್ತೆ ಅದೇ ಮಾಡಿದೆ, ಕೇಳದೆ. ಈಗ ಬರೆಯುವಾಗ ಹೊಳೆಯಿತು.

ಮೊದಲ ದಿನ ಅಂಗಡಿಯವರೆಗೂ ಬಂದೆ. ಗಾಜಿನಾಚೆ ನೀನು ಕಂಡೆ. ಬಿಳಿ ಬಟ್ಟೆ ಹಾಸಿಕೊಂಡು ಯಾರದೋ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದೆ. ಆಮೇಲೆ ಫೋನ್ ತೆಗೆದು ನಂಬರ್ ಒತ್ತಿದೆ. ಏನೋ ಹೇಳಿದೆ. ಆಮೇಲೆ ರಿಸೀವರನ್ನು ಮೆಲ್ಲಗೆ ಆ ಬಟ್ಟೆಯ ಮೇಲೆ ಮಗುಚಿಟ್ಟು, ಮೇಲೆ ಅಂಗೈ ಮುಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕೂತೆ. ಎಷ್ಟು ಹೊತ್ತಿಗೆ ಎತ್ತಬೇಕು ಅಂತ ನಿನಗೆ ಗೊತ್ತಿತ್ತು. ಅಷ್ಟು ಲೆಕ್ಕವಾಗಿ ಅಭ್ಯಾಸವಾಗಿಬಿಟ್ಟಿದೆ. ನಾನು ಒಳಗೆ ಬರದೆ ತಿರುಗಿ ಹೋದೆ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಕೊಳಕ್ಕೆ ಹೋಗಿ ಕೂತೆ. ಬರೀ ಕೈಯಲ್ಲಿ, ಆಣೆ ಮಾಡಿ ಹೇಳುತ್ತೇನೆ. ಸೂರ್ಯ ಚಿಮಣಿ ದಾಟಿದ. ಮೂರುಮಾತಿನವನು ಬಂದ. ಕೂಗಿದ, ಕಾದ. ನಾನು ಸಿಳ್ಳೆ ಹಾಕಿದೆ. ನನ್ನನ್ನು ತಿರುಗಿಯೂ ನೋಡಲಿಲ್ಲ. ಹತ್ತು ಗಂಟೆಯವರೆಗೆ ಕೂತೆ. ನೀನು ಬರಲಿಲ್ಲ. ಕಲ್ಲಿನ ಮೇಲೆಲ್ಲ ಪಾಚಿ ಹತ್ತಿದೆ. ಅಲ್ಲಿ ಯಾರೂ ಕೂತು ತಿಂಗಳುಗಳೇ ಆಗಿವೆ.

ನನ್ನಿಂದ ನೀನು ಕೊಳಲನ್ನೇ ಬಿಟ್ಟೆ ಅಂದುಕೊಂಡೆ. ಆ ಕಲ್ಲಿನ ಹತ್ತಿರ ನಿಂತು ಅತ್ತೆ. ಅಳುವುದನ್ನು ಬರೆಯಬಾರದು, ಆದರೂ ಬರೆಯುತ್ತಿದ್ದೇನೆ.

ಬಸ್ಸಿಗೆ ಹೋಗುವಾಗ ನಿಮ್ಮ ಮಾಲೀಕರು ಸಿಕ್ಕರು. ನನ್ನ ಕಿವಿ ನೋಡಿಯೇ ಗುರುತು ಹಿಡಿದರು. ‘ನಿಮ್ಮಕ್ಕ ಏನ್ ಸ್ವಾಮಿ, ದಿನಾ ಬೆಳಗ್ಗೆ ಎಲ್ಲಿಗೋ ಹೋಗಿ ಬರ್ತಾರೆ! ಚಪ್ಪಲಿ ತುಂಬಾ ಮರಳು. ಅಂಗಡಿ ಗುಡ್ಸಿ ಗುಡ್ಸಿ ನಂಗೆ ಸಾಕಾಗೋಗಿದೆ. ಲೆನ್ಸ್ ಉಜ್ಜೋವಾಗ ಒಂದು ಗುನುಗು ಬೇರೆ, ಮಧ್ಯೆ ಮಧ್ಯೆ ಒಬ್ರೇ ನಗ್ತಾರೆ’ ಅಂದರು.

ಕೊಳದ ಹತ್ತಿರ ಕೆಸರು. ಮರಳಿಲ್ಲ.

ಅಕ್ಕ, ನೀನು ನುಡಿಸುತ್ತಿದ್ದೀಯ! ಮತ್ತೆ ಜಾರುತ್ತಿದ್ದೀಯ, ನಗುತ್ತಿದ್ದೀಯ! ಬಸ್ಸಿನಲ್ಲಿ ಪಕ್ಕದವರು ಏನಾಯ್ತು ಅಂತ ಕೇಳುವಷ್ಟು ಖುಷಿಯಾಯಿತು. ಎಲ್ಲಿ ಅಕ್ಕ? ಹೊಳೆಯಾ? ಅಲ್ಲಿ ಹಕ್ಕಿ ಇದೆಯಾ, ಹೇಗೆ ಕೂಗುತ್ತದೆ? ಯಾವಾಗ ಸಿಕ್ಕಿತು ಆ ಜಾಗ? ನಾನು ಬರುವುದಿಲ್ಲ, ಕೇಳುವುದಿಲ್ಲ, ಏನೂ ತರುವುದಿಲ್ಲ. ಮೊದಲಿನ ಹಾಗೆ ಒಂದು ಕಾಗದ ಬರಿ, ಉದ್ದ. ಬೈದಾದರೂ ಬರಿ. ನನಗೆ ಅಷ್ಟೇ ಬೇಕಿರುವುದು.

ನಿನ್ನ ಕಿವಿರಾಯ

ಡಿಸೆಂಬರ್ 9

ಪ್ರಿಯ ಸಹೋದರನಿಗೆ,

ನಿನ್ನ ನವೆಂಬರ್ ಇಪ್ಪತ್ತೊಂದರ ಕಾಗದ ಬಂತು. ಸೆಪ್ಟೆಂಬರಿನಲ್ಲಿ ಕಳಿಸಿದ ಡಬ್ಬಿಯೂ ತಲುಪಿದೆ.

ಇಲ್ಲಿ ಚಳಿ ಸಾಧಾರಣ. ಅಂಗಡಿಯಲ್ಲಿ ಕೆಲಸ ಎಂದಿನಂತೆ ಇದೆ. ಮಾಲೀಕರು ಆರೋಗ್ಯ. ನಾನೂ ಆರೋಗ್ಯ.

ಕೊಳಲೂ ಆರೋಗ್ಯ.

ಅಲ್ಲಿ ನೀನು ಚೆನ್ನಾಗಿರು.

ಅಕ್ಕ